ಬಾಲವಿಲ್ಲದ ಗಿಣಿ

ಅಟ್ಟೂರು, ಯಲಹಂಕ
14 ಏಪ್ರಿಲ್ 2024

ಪ್ರೀತಿಯ ದಾಕ್ಷಿ,

ಮೊನ್ನೆ ಫೋನಿನಲ್ಲಿ ನೀನು "ಚೆನ್ನಾಗಿದ್ದೀನಿ ಕಣೇ" ಅಂದೆ, ನಾನೂ "ಚೆನ್ನಾಗಿದ್ದೀನಿ ಕಣೇ" ಅಂದೆ, ಆಮೇಲೆ ಇಬ್ಬರೂ ಕುಕ್ಕರ್ ಆರಿಸಲು ಹೋದೆವು. ಅದಕ್ಕೇ ಈ ಕಾಗದ. ಎಂ.ಎ. ಮುಗಿದು ಇಪ್ಪತ್ತೈದು ವರ್ಷವಾಯಿತು. ಹಾಸ್ಟೆಲ್ ತಾರಸಿಯ ಮೇಲೆ ಕವಿತೆ ಓದುತ್ತ ಮಾಡಿಕೊಂಡ ಒಪ್ಪಂದವನ್ನು ನಾವಿನ್ನೂ ಮುರಿದಿಲ್ಲ: ಫೋನಿನಲ್ಲಿ ವಿಷಯ, ಕಾಗದದಲ್ಲಿ ಮಾತು.

ಈ ಸಲದ ಮಾತು ಎದುರುಮನೆ ಮುನಿಯಲ್ಲಮ್ಮನದು. ಇಲ್ಲಿ ಲೇಔಟ್ ಆಗುವ ಮುಂಚೆ, ರಾಗಿ ಹೊಲಗಳಿದ್ದಾಗಿನಿಂದ ಇರುವ ಮನೆತನ. ಕೆಳಗೆ ಹಿಟ್ಟಿನ ಮಿಷನ್, ಮೇಲೆ ಮನೆ, ಅದರ ಮೇಲೆ ತಾರಸಿ. ಬೇಸಿಗೆ ಬಂತೆಂದರೆ ಇಡೀ ಬೀದಿಯ ಮೆಣಸಿನಕಾಯಿ ಆ ತಾರಸಿ ಏರುತ್ತದೆ. ಜನ ಚೀಲ ಇಟ್ಟುಹೋಗುತ್ತಾರೆ. ಆಕೆ ಒಣಗಿಸಿ, ಹುರಿದು, ಸಾರಿನ ಪುಡಿ ಮಾಡಿ ಕೊಡುತ್ತಾರೆ. ಒಣಗಿದೆಯೋ ಇಲ್ಲವೋ ನೋಡಲು ಅವರದೊಂದು ಪರೀಕ್ಷೆ ಇದೆ. ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಬೀಜ ಮಗುವಿನ ಗಿಲಕಿಯಂತೆ ಸದ್ದು ಮಾಡಿದರೆ ಮಿಷನ್ನಿಗೆ. ಸುಮ್ಮನಿದ್ದರೆ ಇನ್ನೊಂದು ದಿನ ಬಿಸಿಲಿಗೆ. ಇದನ್ನು ನೋಡಲೆಂದೇ ನಾನು ಬೆಳಗಿನ ಕಾಫಿ ಹಿಡಿದು ಬಾಲ್ಕನಿಯಲ್ಲಿ ನಿಲ್ಲುತ್ತೇನೆ.

ತೊಂದರೆ ಕರೆಂಟಿನದು. ಮಧ್ಯಾಹ್ನ ಕರೆಂಟು ಡಲ್ ಆಗಿ ಎರಡು ಸಲ ಮೋಟಾರ್ ಸುಟ್ಟಿದೆ. "ಇನ್ನೊಂದ್ ಕಿತಾ ಸುಟ್ರೆ ಮಿಷನ್ನು ಮುಚ್ಚಿ ಮೊಬೈಲ್ ಅಂಗ್ಡಿಯೋನ್ಗೆ ಬಾಡ್ಗೆ ಕೊಟ್ಬುಡ್ತೀನಿ ಟೀಚರಮ್ಮ" ಅನ್ನುತ್ತಾರೆ. ಆ ಮಿಷನ್ನಿನ ಸದ್ದಿಲ್ಲದ ಬೀದಿಯನ್ನು ನಾನು ಕಲ್ಪಿಸಿಕೊಳ್ಳಲಾರೆ. ಅದಕ್ಕೇ ಸೋಲಾರ್ ಹಾಕಿಸೋಣ ಎಂದು ದಿವ್ಯ ಎಂಬ ಎಂಜಿನಿಯರ್ ಹುಡುಗಿಯನ್ನು ಕರೆದುಕೊಂಡು ಹೋದೆ. ಮುನಿಯಲ್ಲಮ್ಮನ ಮೊದಲ ಪ್ರಶ್ನೆ, "ತಾರ್ಸಿ ತುಂಬಾ ಗಾಜು ಆಕ್ಬುಟ್ರೆ ಮೆಣಸಿನ್ಕಾಯಿ ನಿನ್ ತಲೆ ಮ್ಯಾಲೆ ಒಣಗಾಕ್ಲಾ?" ಹುಡುಗಿ ನಗಲಿಲ್ಲ. ಅಳೆದು ಸುರಿದು, ಪ್ಯಾನೆಲ್ಲನ್ನು ಎತ್ತರದ ಕಬ್ಬಿಣದ ಕಾಲುಗಳ ಮೇಲೆ ಉತ್ತರದ ಅರ್ಧದಲ್ಲಿ ನಿಲ್ಲಿಸಿದರೆ ದಕ್ಷಿಣದ ಅರ್ಧಕ್ಕೆ ನೆರಳೇ ಬೀಳುವುದಿಲ್ಲ ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿದಳು. ಪ್ಯಾನೆಲ್ ಕೆಳಗೆ ಕೂತು ತೊಟ್ಟು ಬಿಡಿಸಬಹುದು ಎಂದೂ ಹೇಳಿದಳು. ಮುನಿಯಲ್ಲಮ್ಮ ಆ ಗೆರೆಯ ಆಚೆ ಒಂದು ಸಲ, ಈಚೆ ಒಂದು ಸಲ ನಿಂತು ನೋಡಿದರು. "ಬಿಸ್ಲು ಮೆಣಸಿನ್ಕಾಯ್ಗೆ, ನೆಳ್ಳು ನಂಗೆ. ಆಕು."

ಅವರ ಓರಗಿತ್ತಿ ದ್ರೌಪದಮ್ಮ ಎರಡು ಮನೆ ಆಚೆ ತಮ್ಮ ತಾರಸಿಯಿಂದ ಎಲ್ಲ ನೋಡುತ್ತಿದ್ದರು. ಇಬ್ಬರಿಗೂ ಹನ್ನೊಂದು ವರ್ಷದಿಂದ ಮಾತಿಲ್ಲ. ಯಾವುದೋ ಮದುವೆಯ ಊಟದಲ್ಲಿ ದ್ರೌಪದಮ್ಮ "ಇವಳ ಪುಡೀಲಿ ಧನಿಯಾ ಜಾಸ್ತಿ" ಅಂದಿದ್ದರಂತೆ.

ಇನ್ನೊಂದು ವಿಷಯ. ಮೆಣಸಿನಕಾಯಿ ತಿನ್ನಲು ಈಗ ದಿನಾ ಮೂರು ಗಿಣಿಗಳು ಬರುತ್ತಿವೆ. ಒಂದಕ್ಕೆ ಬಾಲವಿಲ್ಲ. ಅದು ಮಾತ್ರ ಕೂತು ತಿನ್ನುವುದಿಲ್ಲ, ಕಾಯಿಯನ್ನು ಕಚ್ಚಿಕೊಂಡು ಓಡಿಹೋಗುತ್ತದೆ, ಲೈಬ್ರರಿಯ ಪುಸ್ತಕ ಕದ್ದವಳಂತೆ. ನಿನ್ನ ನೆನಪಾಯಿತು.

ನಿನ್ನ
ಸರಳಾ


ಹೊಸಗುಡ್ಡ ಪವರ್ ಕಾಲೊನಿ
2 ಮೇ 2024

ಸರಳೀ,

ಗಿಣಿಯ ಸಾಲನ್ನು ಮೂರು ಸಲ ಓದಿದೆ. ಆ ಪುಸ್ತಕವನ್ನು ನಾನು ಕದ್ದದ್ದಲ್ಲ, ಹಿಂತಿರುಗಿಸಲು ಮರೆತದ್ದು. ಈಗಲೂ ನನ್ನ ಬೀರುವಿನಲ್ಲಿದೆ.

ಇಲ್ಲಿ ಎಲ್ಲ ಚೆನ್ನಾಗಿದೆ. ಆಕಾಶ ನಿಮ್ಮ ಊರಿನ ಹಾಗೆ ಕಟ್ಟಡಗಳ ಮಧ್ಯೆ ಸಿಕ್ಕಿಹಾಕಿಕೊಂಡಿಲ್ಲ, ವಿಶಾಲವಾಗಿದೆ. ನಮ್ಮ ಯಜಮಾನರು ಶಿವರಾಮ್ ಇಲ್ಲಿನ ವಿದ್ಯುತ್ ಸ್ಥಾವರದ ಬಾಯ್ಲರ್ ವಿಭಾಗದಲ್ಲಿ ಇನ್ನೆರಡು ವರ್ಷ ಕಳೆದರೆ ರಿಟೈರ್. "ನಿನ್ನ ಫ್ರೆಂಡಿಗೆ ಹೇಳು, ಅವಳ ಮಿಕ್ಸಿ ತಿರುಗೋದು ನಾನು ಬೆವರು ಸುರಿಸೋದ್ರಿಂದ, ಸೂರ್ಯ ಅಲ್ಲ" ಅಂದರು. ನಮ್ಮ ಕಲ್ಲಿದ್ದಲಿನ ಮೇಲೆ ನಿನಗಿರುವ ಕೋಪ ಅವರಿಗೆ ಗೊತ್ತು.

ನನಗೂ ಒಂದು ಸುದ್ದಿ ಇದೆ. ಪ್ರಚಾರ ವಿಭಾಗಕ್ಕೆ ಹೊಸ ಸಾಹೇಬರು ಬಂದಿದ್ದಾರೆ. ಕಂಪನಿಯ ಮಾಸಪತ್ರಿಕೆಯಲ್ಲಿ ಇಷ್ಟು ವರ್ಷ ಹುಟ್ಟುಹಬ್ಬದ ಪಟ್ಟಿ, ಥ್ರೋಬಾಲ್ ಫಲಿತಾಂಶ ಬರೆದುಕೊಂಡಿದ್ದವಳ ಕನ್ನಡವನ್ನು ಮೊದಲ ಬಾರಿಗೆ ಒಬ್ಬರು ಗಮನಿಸಿದರು. "ನಿಮ್ಮ ಬರಹಕ್ಕೆ ಮನೆಯ ವಾಸನೆ ಇದೆ ಮೇಡಂ" ಅಂದರು. ಹೊಸ ಬರವಣಿಗೆಯ ಕೆಲಸ ಕೊಟ್ಟಿದ್ದಾರೆ. ವಿವರ ಆಮೇಲೆ.

ಮುನಿಯಲ್ಲಮ್ಮನ ಬಗ್ಗೆ ಇನ್ನೂ ಬರೆ. ನಿಮ್ಮ ಬೀದಿಯವರು ಸೋಲಾರ್ ಅಂದರೆ ಏನೇನು ಹೆದರುತ್ತಾರೆ? ಏನೇನು ಗೊಣಗುತ್ತಾರೆ? ಅವರ ಮಾತಿನಲ್ಲೇ ಬರೆ. ಓದಲು ಹಿತವಾಗಿರುತ್ತದೆ.

ನಿನ್ನ
ದಾಕ್ಷಾಯಣಿ


ಅಟ್ಟೂರು
19 ಮೇ 2024

ಪ್ರೀತಿಯ ದಾಕ್ಷಿ,

ಕೇಳಿದ್ದು ಒಳ್ಳೆಯದಾಯಿತು. ಗೊಣಗಾಟದ ಬೆಳೆ ಈ ವರ್ಷ ಚೆನ್ನಾಗಿ ಬಂದಿದೆ.

ಮೊದಲ ಬಹುಮಾನ ಕೃಷ್ಣಯ್ಯನವರಿಗೆ. ನಮ್ಮ ಪಕ್ಕದ ಮನೆ. ಜಾಲಹಳ್ಳಿಯ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ತಪಾಸಣೆ ವಿಭಾಗದಲ್ಲಿದ್ದು ರಿಟೈರ್ ಆದವರು. ಈಗ ತಪಾಸಣೆಗೆ ನಾವೇ ಇದ್ದೇವೆ. "ಅಲ್ಲಾ ಮೇಡಂ, ಏರ್‌ಫೋರ್ಸ್ ವಿಮಾನ ಇದೇ ದಾರೀಲಿ ಹೋಗುತ್ತೆ. ಗಾಜು ಪಳಪಳ ಅಂದ್ರೆ ಪೈಲಟ್ ಕಣ್ಣಿಗೆ ಹೊಡೆಯಲ್ವೇನ್ರೀ?" ಅಂದರು. ದಿವ್ಯ ಒಂದು ಪ್ಯಾನೆಲ್ ತಂದು ಬಿಸಿಲಲ್ಲಿ ಇಟ್ಟು, "ನೋಡಿ ಅಂಕಲ್, ಇದು ಬೆಳಕನ್ನ ಕುಡಿಯುತ್ತೆ, ವಾಪಸ್ ಉಗುಳಲ್ಲ" ಅಂದಳು. ಅವರು ತಮ್ಮ ಸ್ಟೀಲ್ ಟಿಫಿನ್ ಡಬ್ಬಿಯನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಿದರು. ಡಬ್ಬಿಯೇ ಹೆಚ್ಚು ಹೊಳೆಯಿತು. ಆಮೇಲಿಂದ ಡಬ್ಬಿಗೆ ಬಟ್ಟೆ ಮುಚ್ಚಿ ತರುತ್ತಿದ್ದಾರೆ.

ಮೂಲೆಮನೆಯವರಿಗೆ ಪ್ಯಾನೆಲ್ಲು ಬಿಸಿಲನ್ನೆಲ್ಲ ಎಳೆದುಕೊಂಡು ತಮ್ಮ ತುಳಸಿ ಬಾಡುತ್ತದೆ ಎಂಬ ಭಯ. ಇನ್ನೊಬ್ಬರಿಗೆ ಸಿಡಿಲಿನ ಭಯ. ದ್ರೌಪದಮ್ಮ ಮಾತ್ರ ಏನೂ ಕೇಳಲಿಲ್ಲ. ಕೇಳಿದರೆ ಮುನಿಯಲ್ಲಮ್ಮನಿಗೆ ಕೇಳಿಸುತ್ತದಲ್ಲ.

ಎಲ್ಲದಕ್ಕೂ ದಿವ್ಯಳ ಹತ್ತಿರ ಉತ್ತರವಿತ್ತು. ಅರ್ಜಿ ಹಾಕಿದ್ದೇವೆ. ದೀಪಾವಳಿಯ ಹೊತ್ತಿಗೆ ಮಿಷನ್ನು ಬಿಸಿಲಿನಿಂದ ತಿರುಗಬೇಕು ಎಂಬುದು ಮುನಿಯಲ್ಲಮ್ಮನ ಲೆಕ್ಕಾಚಾರ.

ಬಾಲವಿಲ್ಲದ ಗಿಣಿಗೆ ಧೈರ್ಯ ಬಂದಿದೆ. ನಿನ್ನೆ ಕೃಷ್ಣಯ್ಯನವರ ಡಬ್ಬಿಯ ಮುಚ್ಚಳದ ಮೇಲೆ ಕೂತಿತ್ತು.

ನಿನ್ನ
ಸರಳಾ


ಅಟ್ಟೂರು
23 ಜೂನ್ 2024

ದಾಕ್ಷಿ,

ನಿನ್ನ ಕಾಗದ ಬಂದಿಲ್ಲ, ಆದರೂ ಬರೆಯುತ್ತಿದ್ದೇನೆ. ಕಾಯುವಷ್ಟು ತಾಳ್ಮೆ ಇಲ್ಲ.

ನಿಮ್ಮ ಕಂಪನಿ ವಿದ್ಯುತ್ ಆಯೋಗದ ಮುಂದೆ ಹೋಗಿದೆ. ಉತ್ತರ ಬೆಂಗಳೂರಿನಲ್ಲಿ ಮನೆಯ ತಾರಸಿಗಳಿಗೆ ಹೊಸದಾಗಿ ಸೋಲಾರ್ ಕೊಡುವುದನ್ನು ಎರಡು ವರ್ಷ ನಿಲ್ಲಿಸಬೇಕಂತೆ. 'ಸುರಕ್ಷತೆಯ ಅಧ್ಯಯನ' ಆಗಬೇಕಂತೆ. ಸೂರ್ಯನನ್ನು ಇಷ್ಟು ಕಾಲ ಯಾರೂ ಅಧ್ಯಯನ ಮಾಡಿರಲಿಲ್ಲ ನೋಡು. ಎರಡು ವರ್ಷವೆಂದರೆ ಮುನಿಯಲ್ಲಮ್ಮನ ಮಿಷನ್ ಮುಗಿದಂತೆ. ಆಗಸ್ಟ್ ಒಂಬತ್ತಕ್ಕೆ ಹೆಬ್ಬಾಳದ ಒಂದು ಸಭಾಂಗಣದಲ್ಲಿ ಸಾರ್ವಜನಿಕ ವಿಚಾರಣೆ. ನಿನ್ನ ಮೇಲೆ ಕೋಪವಿಲ್ಲ. ನಿನಗೇನು ಗೊತ್ತಿರುತ್ತದೆ, ನೀನು ಥ್ರೋಬಾಲ್ ಫಲಿತಾಂಶ ಬರೆಯುವವಳು.

ಆದರೆ ಕೋಪ ಬರಿಸುವ ವಿಷಯ ಬೇರೆ ಇದೆ. ಭಾನುವಾರದ ಪೇಪರಿನ ಓದುಗರ ಪತ್ರಗಳಲ್ಲಿ ಇದು ಬಂದಿದೆ, ನಕಲು ಮಾಡುತ್ತೇನೆ: "ನಾನು ಅಟ್ಟೂರಿನ ಗೃಹಿಣಿ. ನಮ್ಮ ತಾರಸಿಯಲ್ಲಿ ಒಣಗುವ ಮೆಣಸಿನಕಾಯಿಯನ್ನು ಕಿವಿಯ ಬಳಿ ಹಿಡಿದರೆ ಗಿಲಕಿಯಂತೆ ನುಡಿಯುತ್ತದೆ. ಸೋಲಾರ್ ಬಂದರೆ ಆ ನುಡಿ ನಿಂತುಹೋಗುತ್ತದೆ. ನಮ್ಮ ಬಿಸಿಲನ್ನು ನಮಗೇ ಬಿಟ್ಟುಬಿಡಿ." ಕೆಳಗೆ ಹೆಸರು: ದ್ರೌಪದಮ್ಮ, ಅಟ್ಟೂರು.

ಪೇಪರ್ ಓದಿಸಿಕೊಳ್ಳಲು ಮುನಿಯಲ್ಲಮ್ಮ ಭಾನುವಾರ ನಮ್ಮ ಮನೆಗೆ ಬರುತ್ತಾರೆ. ನಾನು ಯೋಚಿಸದೆ ಓದಿಬಿಟ್ಟೆ. ಅವರು ಕಾಫಿ ಲೋಟ ಕೆಳಗಿಟ್ಟರು. "ನನ್ ಮೆಣಸಿನ್ಕಾಯಿ ಇಸ್ಯ ಇವ್ಳು ಪೇಪರ್ಗೆ ಬರೆಸವ್ಳೆ!" ಅಂದವರೇ ಎರಡು ಮನೆ ಆಚೆಗೆ ನಡೆದರು. ಹನ್ನೊಂದು ವರ್ಷದ ಮೌನ ಹೀಗೆ ಮುರಿಯಿತು:

"ಏನಮ್ಮೀ, ನಿಂಗೆ ಬರೆಯಾಕ್ ಯಾವಾಗ್ ಬಂತು?"

"ನಂಗೆ ಬರೆಯಾಕ್ ಬಂದಿದ್ರೆ ಮದ್ಲು ನಿನ್ ಧನಿಯಾ ಇಸ್ಯ ಬರೀತಿದ್ದೆ!"

ಅರ್ಧ ಗಂಟೆ ಬೀದಿಗೆಲ್ಲ ಕೇಳಿಸಿತು. ಆಮೇಲೆ ಸದ್ದು ನಿಂತಿತು. ಭಯವಾಗಿ ಹೋಗಿ ನೋಡಿದರೆ ಇಬ್ಬರೂ ಜಗಲಿಯ ಮೇಲೆ ಕೂತು ಒಂದೇ ತಟ್ಟೆಯಿಂದ ಹಲಸಿನ ತೊಳೆ ತಿನ್ನುತ್ತಿದ್ದರು. ತನ್ನ ಹೆಸರನ್ನು ಕದ್ದವನನ್ನು ಹುಡುಕಿಸಿಯೇ ತೀರುತ್ತೇನೆ ಎಂದು ದ್ರೌಪದಮ್ಮ, ತನ್ನ ಗಿಲಕಿಯನ್ನು ಕದ್ದವನನ್ನು ಬಿಡುವುದಿಲ್ಲ ಎಂದು ಮುನಿಯಲ್ಲಮ್ಮ.

ಇದು ಬೀದಿಯೊಳಗಿನವರದೇ ಕೆಲಸ. ನನ್ನ ಗುಮಾನಿ ಕೃಷ್ಣಯ್ಯನವರ ಮೇಲೆ. ಅವರಿಗೆ ಕೇಳಿಸದ ಮಾತನ್ನು ಈ ಬೀದಿಯಲ್ಲಿ ಇನ್ನೂ ಯಾರೂ ಆಡಿಲ್ಲ. ನಾಳೆ ಕೇಳಿಯೇಬಿಡುತ್ತೇನೆ. ನೀನೇನು ಹೇಳುತ್ತೀ?

ಸರಳಾ


ಹೊಸಗುಡ್ಡ
12 ಜುಲೈ 2024

ಸರಳಾ,

ತಡವಾಯಿತು. ಆಫೀಸಿನಲ್ಲಿ ಕೆಲಸ. ಇಲ್ಲಿ ಮಳೆ ಸರಿಯಾಗಿ ಬಂದಿಲ್ಲ. ಅಲ್ಲಿ ಹೇಗೆ?

ಕೃಷ್ಣಯ್ಯನವರನ್ನು ಕೇಳಬೇಡ. ವಯಸ್ಸಾದವರು, ನೊಂದುಕೊಳ್ಳುತ್ತಾರೆ. ಪೇಪರಿನಲ್ಲಿ ಬರುವ ಪತ್ರಗಳನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ ಹೇಳು. ಒಂದೇ ಹೆಸರಿನವರು ಹತ್ತಾರು ಜನ ಇರುತ್ತಾರೆ. ವಿಚಾರಣೆಗೆಲ್ಲ ನೀನು ಹೋಗಿ ಏಕೆ ದಣಿಯಬೇಕು? ದೊಡ್ಡವರ ಜಗಳ, ಆಗುವುದು ಆಗುತ್ತದೆ. ನಮ್ಮ ಕಾಲೊನಿಯಲ್ಲಿ ನಾನೂರು ಮನೆಗಳಿವೆ. ಎಲ್ಲರ ಅನ್ನವೂ ಆ ಚಿಮಣಿಯ ಕೆಳಗೇ ಬೇಯುವುದು. ಅದನ್ನೂ ಯಾರಾದರೂ ಯೋಚಿಸಬೇಕು.

ದ್ರೌಪದಮ್ಮ, ಮುನಿಯಲ್ಲಮ್ಮ ಮಾತಾಡಿದರು ಎಂದು ಓದಿ ಸಂತೋಷವಾಯಿತು. ನಿಜವಾಗಿ ಸಂತೋಷವಾಯಿತು.

ದಾಕ್ಷಾಯಣಿ


ಅಟ್ಟೂರು
24 ಜುಲೈ 2024

ದಾಕ್ಷಾಯಣಿ,

ನಿನ್ನ ಸಲಹೆ ಬರುವ ಮುಂಚೆಯೇ ನಾನು ಕೃಷ್ಣಯ್ಯನವರನ್ನು ಕೇಳಿಯಾಗಿತ್ತು. ಅವರು ಮಾರನೆಯ ದಿನವೇ ಡಬ್ಬಿಗೆ ಊಟ ತುಂಬಿಸಿಕೊಂಡು, ಬಸ್ಸು ಹತ್ತಿ, ಆಯೋಗದ ಕಚೇರಿಗೆ ಹೋಗಿ, ಮೂರು ದಿನ ಬೆಂಚಿನ ಮೇಲೆ ಕೂತು, ಸೋಲಾರ್ ನಿಲ್ಲಿಸಿ ಎಂದು ನಾಗರಿಕರ ಹೆಸರಿನಲ್ಲಿ ಸಲ್ಲಿಸಿದ ನಲವತ್ತಾರು ಪತ್ರಗಳ ನಕಲನ್ನೂ ಪಡೆದು ತಂದರು. ನನ್ನ ಮೇಜಿನ ಮೇಲೆ ಇಟ್ಟು, "ಇದ್ರಲ್ಲಿ ನಾನು ಬರೆದಿದ್ದು ಒಂದಿದ್ರೆ ತೋರ್ಸಿ ಮೇಡಂ. ಮೂವತ್ನಾಲ್ಕು ವರ್ಷ ನಾನು ಯಾರ ಸಾಮಾನನ್ನೂ ನೋಡ್ದೆ ರಿಜೆಕ್ಟ್ ಮಾಡ್ದವನಲ್ಲ" ಅಂದರು. ನನಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು.

ರಾತ್ರಿಯ ಅಡುಗೆಯನ್ನು ಬಿಟ್ಟು ಓದಿದೆ. ಪೇಪರಿನಲ್ಲಿ ಬಂದ ಮೆಣಸಿನಕಾಯಿಯ ಪತ್ರ ಇತ್ತು. ಪೈಲಟ್ಟಿನ ಕಣ್ಣು ಇತ್ತು. ತುಳಸಿ ಇತ್ತು. ಸಿಡಿಲು ಇತ್ತು. ಯಾವುದಕ್ಕೂ ದಿವ್ಯ ಕೊಟ್ಟ ಉತ್ತರ ಇರಲಿಲ್ಲ. ಮೂವತ್ತೊಂದನೆಯ ಪತ್ರ ಯಶೋಧಾ ಎಂಬ ಹೆಸರಿನದು. "ನಮ್ಮ ತಾರಸಿಗೆ ದಿನವೂ ಮೂರು ಗಿಣಿಗಳು ಬರುತ್ತವೆ, ಒಂದಕ್ಕೆ ಬಾಲವಿಲ್ಲ. ಪ್ಯಾನೆಲ್ ಬಂದರೆ ಅವು ಎಲ್ಲಿಗೆ ಹೋಗಬೇಕು?"

ಎಲ್ಲಿಗೂ ಹೋಗಬೇಕಾಗಿಲ್ಲ, ದಾಕ್ಷಿ. ಗಿಣಿಗಳು ಇಲ್ಲ. ಅವು ಯಾವತ್ತೂ ಬಂದಿಲ್ಲ. ಅವತ್ತು ಕಾಗದದ ಕೊನೆಯಲ್ಲಿ ಸ್ವಲ್ಪ ಜಾಗ ಉಳಿದಿತ್ತು, ನಿನ್ನನ್ನು ನಗಿಸಬೇಕು ಅನ್ನಿಸಿತು, ಹುಟ್ಟಿಸಿದೆ. ಆ ಬಾಲವಿಲ್ಲದ ಗಿಣಿಯನ್ನು ಇಡೀ ಲೋಕದಲ್ಲಿ ಬಲ್ಲವರು ಇಬ್ಬರೇ.

ಸರಳಾ


ಹೊಸಗುಡ್ಡ
2 ಆಗಸ್ಟ್ 2024

ಸರಳೀ,

ಐದು ಹಾಳೆ ಹರಿದು ಹಾಕಿದೆ. ಇದು ಆರನೆಯದು, ಹೇಗೆ ಬಂದರೆ ಹಾಗೆ.

ಮೂವತ್ತೊಂದನೆಯ ಪತ್ರ ನನ್ನದು. ಮೂವತ್ತನೆಯದೂ ನನ್ನದು. ನಲವತ್ತಾರೂ ನನ್ನವೇ. ಹೊಸ ಸಾಹೇಬರು ಕೊಟ್ಟ ಬರವಣಿಗೆಯ ಕೆಲಸ ಇದು. 'ಗೃಹಿಣಿಯರ ಬಳಗ' ಎಂದು ಕಂಪನಿಯೇ ಒಂದು ಹೆಸರು ಮಾಡಿಕೊಂಡಿತ್ತು. ಆ ಬಳಗದಲ್ಲಿ ಇದ್ದವಳು ನಾನೊಬ್ಬಳೇ. ಎಲ್ಲ ಗೃಹಿಣಿಯರಿಗೂ ಬೇರೆ ಬೇರೆ ದನಿ ಬೇಕಿತ್ತು, ನಿನ್ನ ಕಾಗದಗಳಲ್ಲಿ ಅವು ಸಾಲಾಗಿ ನಿಂತಿದ್ದವು. ಭಯಗಳನ್ನು ತೆಗೆದುಕೊಂಡೆ, ಉತ್ತರಗಳನ್ನು ಬಿಟ್ಟೆ. ದ್ರೌಪದಮ್ಮ ಎಂಬ ಹೆಸರು ತಾನಾಗಿಯೇ ಪೆನ್ನಿಗೆ ಬಂತು. ಎಷ್ಟು ಒಳ್ಳೆಯ ಹೆಸರು ಹೊಳೆಯಿತು ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಅದು ನಿನ್ನ ಕಾಗದದಿಂದ ಬಂದದ್ದು ಎಂದು ಗೊತ್ತಾದದ್ದು ಜಗಳದ ಸುದ್ದಿ ಓದಿದಾಗ.

ಏಕೆ ಮಾಡಿದೆ ಎಂದು ನೀನು ಕೇಳಿಲ್ಲ. ಕೇಳದೆ ಇದ್ದದ್ದಕ್ಕೇ ಹೇಳಬೇಕಾಗಿದೆ. ಮೊದಲನೆಯದು ನಾಚಿಕೆಯ ಕಾರಣ: ನನ್ನ ಬರಹವನ್ನು ಒಬ್ಬರು ಹೊಗಳಿದರು. ಎರಡನೆಯದು ಕಾಲೊನಿಯ ನಾನೂರು ಮನೆ, ಶಿವರಾಮ್‌ಗೆ ಉಳಿದಿರುವ ಎರಡು ವರ್ಷ. ಅದು ಸುಳ್ಳಲ್ಲ. ಈ ಚಿಮಣಿ ನಿಂತರೆ ನಾವು ಏನು ಮಾಡಬೇಕು ಎಂದು ಯಾವ ಸಾಹೇಬರೂ ಯೋಚಿಸಿಲ್ಲ. ಎರಡು ವರ್ಷ ತಡೆಯಿರಿ ಎಂದು ಬರೆಸುವುದು ಅವರಿಗೆ ಅದಕ್ಕಿಂತ ಸುಲಭ.

ಮೂರನೆಯದು ನನಗೇ ಈಗ ಗೊತ್ತಾದದ್ದು. ಆಕಾಶ ವಿಶಾಲವಾಗಿದೆ ಎಂದು ನಿನಗೆ ಬರೆಯುತ್ತಿದ್ದೆ, ಯಾವ ಬಣ್ಣ ಎಂದು ಬರೆಯುತ್ತಿರಲಿಲ್ಲ. ಇಲ್ಲಿ ಯಾರೂ ಏನನ್ನೂ ಹೊರಗೆ ಒಣಗಿಸುವುದಿಲ್ಲ. ಬೂದಿ ಬಂದು ಕೂರುತ್ತದೆ. ಬಟ್ಟೆ ಫ್ಯಾನಿನ ಕೆಳಗೆ, ಹಪ್ಪಳ ಅಂಗಡಿಯಿಂದ. ಒಂಬತ್ತು ವರ್ಷದಿಂದ ನಾನು ಒಂದು ಮೆಣಸಿನಕಾಯಿಯನ್ನೂ ಬಿಸಿಲಿಗೆ ಇಟ್ಟಿಲ್ಲ. "ನಮ್ಮ ಬಿಸಿಲನ್ನು ನಮಗೇ ಬಿಟ್ಟುಬಿಡಿ" ಎಂಬ ಸಾಲು ಬರೆಯುವಾಗ ನನ್ನ ಕಣ್ಣು ತುಂಬಿತ್ತು ಕಣೇ. ಬಿಸಿಲು ಬಿಟ್ಟುಕೊಡಿ ಎಂದು ಯಾರನ್ನು ಕೇಳಬೇಕಿತ್ತೋ ಅವರ ಪರವಾಗಿಯೇ ಬರೆಯುತ್ತಿದ್ದೆ.

ಈ ಲಕೋಟೆಯಲ್ಲಿ ಇನ್ನೊಂದು ಹಾಳೆ ಇದೆ. ನಲವತ್ತಾರು ಪತ್ರಗಳನ್ನೂ ಯಾರ ಹೇಳಿಕೆಯ ಮೇಲೆ ಯಾರು ಬರೆದರು ಎಂದು ನನ್ನ ಪೂರ್ತಿ ಹೆಸರು, ಸಹಿಯೊಂದಿಗೆ ಬರೆದಿದ್ದೇನೆ. ವಿಚಾರಣೆಗೆ ತೆಗೆದುಕೊಂಡು ಹೋಗು.

ಗಿಣಿಯ ವಿಷಯದಲ್ಲಿ ನಿನ್ನ ಮೇಲೆ ಸ್ವಲ್ಪ ಸಿಟ್ಟಿದೆ. ನಾನು ನಿಜವಾಗಿಯೂ ಅದನ್ನು ಪ್ರೀತಿಸಿದ್ದೆ.

ದಾಕ್ಷಿ


ಅಟ್ಟೂರು
10 ಆಗಸ್ಟ್ 2024

ಪ್ರೀತಿಯ ದಾಕ್ಷಿ,

ನಿನ್ನ ಕಾಗದ ವಿಚಾರಣೆಯ ಹಿಂದಿನ ದಿನ ಬಂತು. ಎರಡು ಸಲ ಓದಿದೆ. ಮೊದಲ ಸಲ ಸಿಟ್ಟಿನಿಂದ. ಎರಡನೆಯ ಸಲ ನಡುಮನೆಯಲ್ಲಿ ಫ್ಯಾನಿನ ಕೆಳಗೆ ನಿನ್ನ ಸೀರೆ ಒಣಗುವುದು ಕಣ್ಣಿಗೆ ಕಟ್ಟಿತು. ಆ ಇನ್ನೊಂದು ಹಾಳೆಯನ್ನು ಕೈಚೀಲದಲ್ಲಿ ಇಟ್ಟುಕೊಂಡೆ. ತೆಗೆದರೆ ಮಿಷನ್ ಉಳಿಯುತ್ತದೆ, ನಿನ್ನ ಕೆಲಸ ಹೋಗುತ್ತದೆ. ಹೆಬ್ಬಾಳದವರೆಗೆ ಆಟೋದಲ್ಲಿ ನನಗೆ ಅದೇ ಯೋಚನೆ. ಅಕ್ಕಪಕ್ಕ ಕೂತಿದ್ದ ಓರಗಿತ್ತಿಯರಿಗೆ ರೇಷ್ಮೆ ಸೀರೆ ಸುಕ್ಕಾಗುವ ಯೋಚನೆ. ಕೃಷ್ಣಯ್ಯನವರು ಮುಂದೆ ಡ್ರೈವರ್ ಪಕ್ಕ ತೂರಿಕೊಂಡು, ಡಬ್ಬಿ ತೊಡೆಯ ಮೇಲೆ.

ಸಭಾಂಗಣ ತುಂಬಿತ್ತು. ನಿಮ್ಮ ಕಂಪನಿಯ ವಕೀಲರು ಕೋಟು ಹಾಕಿಕೊಂಡು, "ಇದು ಕಂಪನಿಯ ಬೇಡಿಕೆ ಅಲ್ಲ ಸ್ವಾಮಿ, ಜನರ ದನಿ" ಎಂದು ಮೆಣಸಿನಕಾಯಿಯ ಪತ್ರವನ್ನು ಓದಿದರು. ಚೆನ್ನಾಗಿ ಓದಿದರು. ನಾಲ್ಕೈದು ಜನ ಚಪ್ಪಾಳೆಯನ್ನೂ ತಟ್ಟಿದರು. ನಿನ್ನ ವಾಕ್ಯ ಕಣೇ, ತಟ್ಟುವಂತೆಯೇ ಇತ್ತು.

ದ್ರೌಪದಮ್ಮ ಎದ್ದು ನಿಂತರು. "ಸ್ವಾಮೀ, ಆ ಕಾಗ್ದ ನಂದು ಅಂತವ್ರೆ. ನಾನೇ ದ್ರೌಪದಮ್ಮ. ನಂಗೆ ಹೆಬ್ಬೆಟ್ಟು ಒತ್ತಾಕ್ ಬರ್ತದೆ, ಬರೆಯಾಕ್ ಬರಲ್ಲ. ಪೇಪರ್ಗೆ ಬರೆಯೋಳಾಗಿದ್ರೆ ಈ ವಯಸ್ನಾಗೆ ಇವ್ಳ ಕೈಲಿ ಬೈಸ್ಕೋತಿದ್ನಾ?"

ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ವಕೀಲರ ಕಡೆ ನೋಡಿದರು. ವಕೀಲರು ಹೆದರಲಿಲ್ಲ. "ಅಟ್ಟೂರು ದೊಡ್ಡ ಪ್ರದೇಶ. ಅದೇ ಹೆಸರಿನ ಇನ್ನೊಬ್ಬರು ಇರಬಹುದಲ್ಲವೇ?"

ಅಧ್ಯಕ್ಷರು ಹೌದೇನೋ ಎಂಬಂತೆ ತಲೆಯಾಡಿಸಿದರು. ನನ್ನ ಕೈ ಚೀಲದೊಳಗೆ ಹೋಯಿತು. ಹಾಳೆಯ ತುದಿ ಬೆರಳಿಗೆ ಸಿಕ್ಕಿತು. ಆಗ ಮುನಿಯಲ್ಲಮ್ಮ ಎದ್ದರು.

"ಇಲ್ಲಾ ಸ್ವಾಮಿ. ನಾನ್ ಉಟ್ಟಿದ್ದು ಪಕ್ಕದ್ ಬೀದೀಲಿ, ಕೊಟ್ಟಿದ್ದು ಈ ಬೀದೀಗೆ. ಅಟ್ಟೂರಾಗೆ ಈ ಎಸ್ರಿನೋಳು ಇವ್ಳೊಬ್ಳೇ. ಇನ್ನೊಬ್ಳು ಇದ್ದಿದ್ರೆ ಅವ್ಳ ಜೊತೆಗೂ ನಾನು ಅನ್ನೊಂದು ವರ್ಷ ಮಾತು ಬುಟ್ಟಿರ್ತಿದ್ದೆ."

ಅಧ್ಯಕ್ಷರೇ ಮೊದಲು ನಕ್ಕದ್ದು. ಆಮೇಲೆ ಇಡೀ ಸಭೆ. ನಗು ನಿಂತ ಮೇಲೆ ಮುನಿಯಲ್ಲಮ್ಮ ಸೆರಗಿನ ಗಂಟಿನಿಂದ ಒಂದು ಒಣಮೆಣಸಿನಕಾಯಿ ತೆಗೆದು, ಮೇಜಿನವರೆಗೆ ನಡೆದು, ಅಧ್ಯಕ್ಷರ ಕೈಗೆ ಕೊಟ್ಟರು. "ಕಿವೀಗ್ ಇಡ್ಕೊಳಿ ಸ್ವಾಮಿ. ಗೆರೆ ಈಚೆ ಒಣ್ಗಿದ್ದು." ಮಳೆಗಾಲದಲ್ಲಿ ಪ್ಯಾನೆಲ್ಲೇ ಇಲ್ಲದ ತಾರಸಿಯಲ್ಲಿ, ಬರೀ ಸೀಮೆಸುಣ್ಣದ ಗೆರೆಯ ಈಚೆ ಇಟ್ಟು, ಬಿಸಿಲು ಬಂದ ದಿನವೆಲ್ಲ ಒಣಗಿಸಿದ್ದಂತೆ. ಅದರಿಂದ ಏನು ಸಾಬೀತಾಯಿತೋ ನನಗೆ ತಿಳಿಯದು. ಅಧ್ಯಕ್ಷರು ಮಾತ್ರ ಅಲ್ಲಾಡಿಸಿ ಕೇಳಿದರು.

ಆದೇಶ ಇಷ್ಟು: ನಲವತ್ತಾರು ಪತ್ರ ಬರೆದವರನ್ನೂ ಹದಿನೈದು ದಿನದಲ್ಲಿ ಕರೆತರಬೇಕು. ಬಾರದವರ ಪತ್ರ ಲೆಕ್ಕಕ್ಕಿಲ್ಲ. ಅಲ್ಲಿಯವರೆಗೆ ಯಾವ ತಡೆಯೂ ಇಲ್ಲ.

ನಿನ್ನ ಹಾಳೆಯನ್ನು ನಾನು ತೆಗೆಯಲಿಲ್ಲ. ಬೀರುವಿನಲ್ಲಿ ಇಟ್ಟಿದ್ದೇನೆ. ಮರೆತದ್ದು ಎಂದು ತಿಳಿ.

ಕೃಷ್ಣಯ್ಯನವರಿಗೆ ಕ್ಷಮೆ ಕೇಳಿದೆ. "ಪಾಸ್" ಅಂದರು.

ನಿನ್ನ
ಸರಳಾ


ಹೊಸಗುಡ್ಡ
8 ಸೆಪ್ಟೆಂಬರ್ 2024

ಸರಳೀ,

ನೀನು ತೆಗೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಪರೀಕ್ಷೆಯ ದಿನ ಲೈಬ್ರರಿಯವರು ಪುಸ್ತಕ ಕೇಳಿಕೊಂಡು ಬಂದಾಗಲೂ ನನ್ನನ್ನು ಬಿಟ್ಟುಕೊಡದವಳು ನೀನು. ಅದಕ್ಕೇ ಇನ್ನೊಂದು ಪ್ರತಿಯನ್ನು ಆಯೋಗಕ್ಕೆ ನಾನೇ ರಿಜಿಸ್ಟರ್ ಪೋಸ್ಟಿನಲ್ಲಿ ಹಾಕಿದ್ದೆ. ವಿಚಾರಣೆ ಮುಗಿದ ನಾಲ್ಕನೆಯ ದಿನ ತಲುಪಿತಂತೆ. ಹದಿನೈದನೆಯ ದಿನ ಒಬ್ಬ ಗೃಹಿಣಿಯೂ ಬರಲಿಲ್ಲ. ಹೇಗೆ ಬಂದಾರು, ನಾನು ಇಲ್ಲೇ ಇದ್ದೆ. ಕಂಪನಿ ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಂಡಿತು.

ಕೆಲಸ ಹೋಯಿತೇ ಎಂದು ಕೇಳುತ್ತೀ. ಹೋಗಿಲ್ಲ! ತೆಗೆದುಹಾಕಲು ಕಾರಣ ಬರೆಯಬೇಕಲ್ಲ. ಕಾರಣ ಬರೆದರೆ ಒಪ್ಪಿಕೊಂಡಂತೆ. ಅದನ್ನು ಒಪ್ಪಿಕೊಳ್ಳದ ಹಾಗೆ ನಾಜೂಕಾಗಿ ಬರೆಯಲು ಆ ವಿಭಾಗದಲ್ಲಿ ಯಾರಿಗೂ ಬರುವುದಿಲ್ಲ. ಅಂಥದ್ದನ್ನೆಲ್ಲ ಬರೆದುಕೊಡುತ್ತಿದ್ದವಳು ನಾನೇ. ಸಾಹೇಬರು ಮೂರು ವಾರ ಒದ್ದಾಡಿ, ಕೊನೆಗೆ ನನ್ನನ್ನು ಕಾಲೊನಿಯ ಶಾಲೆಯ ಲೈಬ್ರರಿಗೆ ಹಾಕಿದ್ದಾರೆ. ಮೊನ್ನೆ ಹಾಸ್ಟೆಲ್ ದಿನಗಳ ಆ ಲೈಬ್ರರಿ ಪುಸ್ತಕವನ್ನು ಅಲ್ಲಿನ ಕಪಾಟಿಗೆ ಸೇರಿಸಿದೆ. ಒಂದಲ್ಲ ಒಂದು ಲೈಬ್ರರಿಗೆ ಹಿಂತಿರುಗಿಸಿದಂತಾಯಿತು.

ಕೆಲವರು ಮಾತಾಡಿಸುವುದಿಲ್ಲ. ಅದು ಇದ್ದೇ ಇದೆ. ಶಿವರಾಮ್ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಶಾಲೆಯ ತಾರಸಿಯನ್ನು ನೋಡುತ್ತ ನಿಂತು, "ಇಲ್ಲಿ ಬೂದಿ ಒರೆಸೋಕೆ ಒಬ್ರು ಸಿಕ್ಕಿದ್ರೆ ಇಲ್ಲೂ ಆ ನಿನ್ ಫ್ರೆಂಡಿನ ಗಾಜು ಹಾಕ್ಬೋದು. ರಿಟೈರ್ ಆದ್ಮೇಲೆ ನಾನು ಫ್ರೀ" ಅಂದರು.

ದಾಕ್ಷಿ


ಅಟ್ಟೂರು
6 ಏಪ್ರಿಲ್ 2025

ಪ್ರೀತಿಯ ದಾಕ್ಷಿ,

ಪ್ಯಾನೆಲ್ಲುಗಳು ಬಂದು ಐದು ತಿಂಗಳಾದರೂ ಬೇಸಿಗೆಯೇ ಅವುಗಳ ನಿಜವಾದ ಪರೀಕ್ಷೆ ಎಂದು ಮುನಿಯಲ್ಲಮ್ಮ ತೀರ್ಪು ಕಾಯ್ದಿರಿಸಿದ್ದರು. ಈಗ ಕೊಟ್ಟಿದ್ದಾರೆ. ಮಧ್ಯಾಹ್ನ ಎರಡಕ್ಕೆ, ಮೊದಲು ಮೋಟಾರ್ ಕೆಮ್ಮುತ್ತಿದ್ದ ಹೊತ್ತಿಗೆ, ಈಗ ಮಿಷನ್ ಹಾಡುತ್ತದೆ. ಮೊಬೈಲ್ ಅಂಗಡಿಯವನು ಬೇರೆ ಕಡೆ ಜಾಗ ನೋಡಿಕೊಂಡ.

ತಾರಸಿಯ ದಕ್ಷಿಣಕ್ಕೆ ಮೆಣಸಿನಕಾಯಿ. ಉತ್ತರಕ್ಕೆ ಪ್ಯಾನೆಲ್ಲಿನ ನೆರಳಲ್ಲಿ ಚಾಪೆ ಹಾಸಿಕೊಂಡು ಓರಗಿತ್ತಿಯರಿಬ್ಬರು ತೊಟ್ಟು ಬಿಡಿಸುತ್ತಾರೆ. ದಿನಾ ಧನಿಯಾದ ಜಗಳ. ನಿನ್ನೆ ಮುನಿಯಲ್ಲಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಒಂದ್ ಇಡಿ ಕಮ್ಮಿ ಆಕ್ದೆ ಟೀಚರಮ್ಮ. ಅವ್ಳಿಗ್ ಏಳ್ಬೇಡಿ" ಅಂದರು. ದ್ರೌಪದಮ್ಮ ಪುಡಿಯ ರುಚಿ ನೋಡಿ, "ಈಗ ಸರೀಗೈತೆ, ಒಂದ್ ಇಡಿ ಜಾಸ್ತಿ ಆಕಿರ್ಬೇಕು" ಅಂದರು. ನಾನು ಇಬ್ಬರ ಮಾತಿಗೂ ತಲೆಯಾಡಿಸಿದೆ.

ಇನ್ನೊಂದು ವಿಷಯ. ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ, ನೀನು ನಂಬುವುದಿಲ್ಲ. ಶುಕ್ರವಾರ ಬೆಳಿಗ್ಗೆ ಕಾಫಿ ಹಿಡಿದು ನಿಂತಿದ್ದಾಗ ಪ್ಯಾನೆಲ್ಲಿನ ಅಂಚಿಗೆ ಒಂದು ಗಿಣಿ ಬಂದು ಕೂತಿತು. ಇಳಿದು ಒಂದು ಕಾಯಿ ತೆಗೆದುಕೊಂಡಿತು. ಓಡಿಹೋಗಲಿಲ್ಲ, ಅಲ್ಲೇ ಕೂತು ಬೀಜ ಉಗುಳುತ್ತ ತಿಂದಿತು. ಕೃಷ್ಣಯ್ಯನವರೂ ನೋಡಿದ್ದಾರೆ, ಬೇಕಾದರೆ ಸಾಕ್ಷಿ ಹಾಕಿಸುತ್ತೇನೆ.

ಬಾಲ ಇದೆ. ಕ್ಷಮಿಸು.

ನಿನ್ನ
ಸರಳಾ


ಹೊಸಗುಡ್ಡ
15 ಏಪ್ರಿಲ್ 2025

ಸರಳೀ,

ಕಾರ್ಡಿನಲ್ಲಿ ಜಾಗ ಕಡಿಮೆ.

ಬಾಲ ಇದೆ ಎಂದು ಬರೆದೆಯಲ್ಲ, ಅಲ್ಲಿಗೆ ನಂಬಿದೆ. ನೀನು ಹುಟ್ಟಿಸಿದ್ದಾಗಿದ್ದರೆ ಅದಕ್ಕೆ ಬಾಲ ಸಿಗುತ್ತಿರಲಿಲ್ಲ.

ಮೇ ಮೊದಲ ವಾರ ಶಾಲೆಗೆ ರಜೆ. ಬರುತ್ತೇನೆ. ದ್ರೌಪದಮ್ಮನಿಗೆ ಅವರ ಹೆಸರನ್ನು ಕದ್ದವಳು ಇವಳೇ ಎಂದು ನಾನೇ ಹೇಳಬೇಕು, ನೀನು ಮೊದಲೇ ಹೇಳಿಬಿಡಬೇಡ. ಎರಡು ಕೆಜಿ ಮೆಣಸಿನಕಾಯಿ ತರುತ್ತೇನೆ, ಒಣಗಿಸದೆ ಹಸಿಯಾಗಿಯೇ. ಗೆರೆಯ ಈಚೆ ನನಗೊಂದು ಚಾಪೆಯಷ್ಟು ಬಿಸಿಲು ಹಿಡಿದಿಡು.

ದಾಕ್ಷಿ